ರದ್ದಿಯಲ್ಲಿ ಬಂದ ಬಟ್ಟೆಯ ಕುರಿ

ನನಗೆ ಚಿಕ್ಕಂದಿನಲ್ಲಿ ಮಾತೇ ಬರುತ್ತಿರಲಿಲ್ಲ ಎಂದು ನಮ್ಮ ಬಳಗದವರು ಈಗಲೂ ಹೇಳಿಕೊಂಡು ತಿರುಗುತ್ತಾರೆ. ಸುಳ್ಳು. ಮಾತು ಚೆನ್ನಾಗಿಯೇ ಬರುತ್ತಿತ್ತು, ನಾನು ಆಡುತ್ತಿರಲಿಲ್ಲ ಅಷ್ಟೇ. ಮನೆಯೊಳಗೆ ಅವ್ವನ ತಲೆ ತಿನ್ನುವಷ್ಟು ಮಾತಾಡುತ್ತಿದ್ದೆ. ಹೊರಗಿನವರು ಯಾರಾದರೂ ಎದುರಿಗೆ ನಿಂತರೆ ಮಾತ್ರ ಗಂಟಲಿಗೆ ಒಳಗಿನಿಂದ ಅಗಳಿ ಬೀಳುತ್ತಿತ್ತು. ಶಾಲೆಯಲ್ಲಿ ಹಾಜರಿ ಕೂಗಿದಾಗ ಕೈ ಎತ್ತುತ್ತಿದ್ದೆ. ಪದ್ಯ ಬಾಯಿಪಾಠ ಒಪ್ಪಿಸು ಎಂದರೆ ಬೋರ್ಡಿನ ಮೇಲೆ ಬರೆದು ತೋರಿಸುತ್ತಿದ್ದೆ. ಮನೆಯವರು ನಾಲಿಗೆಗೆ ಬಜೆ ತೇದು ಹಚ್ಚಿದರು, ಗುಡಿಯ ಗಂಟೆ ತೊಳೆದ ನೀರು ಕುಡಿಸಿದರು. ನನಗೆ ಬಜೆಯ ಮೇಲೆ ಸಿಟ್ಟು ಬಂತೇ ಹೊರತು ಮಾತು ಬರಲಿಲ್ಲ.

ನನ್ನ ಮಾತೆಲ್ಲ ಮಾಮನ ಬಾಯಲ್ಲಿತ್ತು. ಮಾಮ ಎಂದರೆ ಅವ್ವನ ತಮ್ಮ, ರಾಮದುರ್ಗದವನು. ಹೈಸ್ಕೂಲಿನಿಂದ ಡಿಗ್ರಿ ಮುಗಿಯುವವರೆಗೆ ಬೈಲಹೊಂಗಲದ ನಮ್ಮ ಮನೆಯಲ್ಲೇ ಇದ್ದು ಓದಿದ. ನಾನು ಬಜಾರ ನೋಡಿದ್ದೇ ಅವನ ಹೆಗಲ ಮೇಲೆ ಕುಳಿತು. ಯಾರಾದರೂ ನನ್ನನ್ನು ಏನಾದರೂ ಕೇಳಿದರೆ ಅವನು ಬಗ್ಗಿ ಕಿವಿ ಕೊಡುತ್ತಿದ್ದ, ನಾನು ಪಿಸುಗುಟ್ಟುತ್ತಿದ್ದೆ, ಅವನು ನೆಟ್ಟಗಾಗಿ ಹೇಳುತ್ತಿದ್ದ. "ಅಕಿಗೆ ಕೆಂಪು ಬಳಿ ಬ್ಯಾಡಂತ್ರಿ, ಹಸರು ಬೇಕಂತ." "ಅಕಿಗೆ ಹೊಟ್ಟಿ ತುಂಬೇತಂತ, ಮತ್ತ ನೀಡಬ್ಯಾಡ್ರಿ." ತನ್ನದೊಂದು ಅಕ್ಷರ ಸೇರಿಸುತ್ತಿರಲಿಲ್ಲ, ನನ್ನದೊಂದನ್ನು ಬಿಡುತ್ತಿರಲಿಲ್ಲ. ನಾನು ಯಾರನ್ನಾದರೂ ಕತ್ತೆ ಎಂದರೆ ಅದನ್ನೂ ಹಾಗೆಯೇ ಹೇಳಿ, ಅದಕ್ಕೆ ಬರುವ ಬೈಗುಳವನ್ನು ತಾನೇ ತಿನ್ನುತ್ತಿದ್ದ.

ಓದು ಮುಗಿದ ಮೇಲೆ ಅವನು ರಾಮದುರ್ಗಕ್ಕೆ ಹೋಗಿ ಮನೆಯ ನೂಲಿನ ಅಂಗಡಿಯಲ್ಲಿ ಕುಳಿತ. ನಾನು ಮತ್ತೆ ಮೂಕಿಯಾದೆ. ಎಸ್ಸೆಸ್ಸೆಲ್ಸಿ ಹೇಗೋ ಪಾಸಾದೆ. ಉತ್ತರ ಬರೆಯಲು ಬಾಯಿ ಬೇಕಿರಲಿಲ್ಲವಲ್ಲ. ಹೊಸ ಶತಮಾನ ಶುರುವಾಗಿ ಕೆಲವು ವರ್ಷ ಆಗಿದ್ದವು, ನಮ್ಮ ಓಣಿಗೂ ಒಂದೆರಡು ಮೊಬೈಲು ಬಂದಿದ್ದವು. ಆ ಬೇಸಿಗೆಯಲ್ಲಿ ಹಿರಿಯರು ಮಾತು ಮುಗಿಸಿದರು. ಬರುವ ನಾಗರಪಂಚಮಿಗೆ ರಾಮದುರ್ಗದಲ್ಲಿ ನನ್ನ ಮತ್ತು ಮಾಮನ ಸಕ್ಕರೆಪುಡಿ.

ನಮ್ಮ ಕಡೆ ಹೆಣ್ಣು ಗಟ್ಟಿಯಾಯಿತು ಎಂಬುದಕ್ಕೆ ಗಂಡಿನ ಮನೆಯವರು ಸಕ್ಕರೆಯ ಪುಡಿಯನ್ನು ಹೆಣ್ಣಿನ ಉಡಿಗೆ ಹಾಕುತ್ತಾರೆ. ಆ ಮೇಲೆ ಮಾತು ತಿರುಗಿಸುವಂತಿಲ್ಲ. ಸೋದರಮಾವನಿಗೆ ಹೆಣ್ಣು ಕೊಡುವುದೂ ಹೊಸದಲ್ಲ. ನಾನು ಹುಟ್ಟಿದಾಗ ಅವ್ವನ ತಾಯಿ, ನಮ್ಮ ಆಯಿ, ತೊಟ್ಟಿಲ ಮುಂದೆ ನಿಂತು "ನಮ್ಮನಿ ಸೊಸಿ ಬಂದ್ಲು" ಎಂದಿದ್ದಳಂತೆ. ಓಣಿಯ ಹೆಂಗಸರು ಮಾಮನ ಹೆಗಲ ಮೇಲಿನ ನನ್ನನ್ನು ನೋಡಿ "ಈಗಿಂದs ಹೆಂಡ್ತಿನ್ನ ಹೊತ್ತು ರೂಢಿ ಮಾಡ್ಕೊಂಡ್ಯಾ?" ಎಂದು ಅವನನ್ನು ಕಾಡುತ್ತಿದ್ದರು. ನಾನು ಅವರಿಗೆಲ್ಲ ಮನಸ್ಸಿನಲ್ಲೇ ಬೈಯುತ್ತಿದ್ದೆ.

ಅವ್ವನಿಗೆ ಈ ಸಂಬಂಧ ಎಂದರೆ ಎದೆಯ ಮೇಲಿನ ಕಲ್ಲು ಇಳಿದಂತೆ. ಅಪ್ಪನ ಮುಂದೆ ಅವಳು ಹೇಳುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. "ಇಕಿ ಬಾಯಿ ಬಿಡದಾಕಿ. ಹೊರಗ ಕೊಟ್ರ ಹಸಿವು ಅಂತ ಹೇಳಾಕೂ ಬರೂದಿಲ್ಲ ಇಕಿಗೆ. ನನ್ನ ತಮ್ಮಗಾದ್ರ ಇಕಿ ಕಣ್ಣ ನೋಡಿದ್ರ ತಿಳೀತೈತಿ."

ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ನನ್ನ ಸಂಕಟ. ಮಾಮನ ಮೇಲೆ ನನಗೆ ಜೀವ. ಆದರೆ ಅವನ ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ನಿಲ್ಲುವುದು ನನ್ನಿಂದ ಆಗದ ಮಾತಾಗಿತ್ತು. ಅಪ್ಪನ ಹೆಗಲು ಹೇಗೋ ನನಗೆ ಅವನ ಹೆಗಲು ಹಾಗೆ. ನಾನು ಒಲ್ಲೆ. ಇದನ್ನು ಮನೆಯಲ್ಲಾದರೂ ಹೇಳಬಹುದಿತ್ತಲ್ಲ ಎಂದರೆ, ಅವ್ವ ಆ ಬೇಸಿಗೆಯಲ್ಲಿ ಮೊದಲ ಸಲ ಹಾಡು ಗುನುಗುತ್ತ ಶ್ಯಾವಿಗೆ ಹೊಸೆಯುತ್ತಿದ್ದಳು. ಅವಳ ಮುಂದೆಯೂ ಅಗಳಿ ಬಿತ್ತು.

ಆ ದಿನಗಳಲ್ಲೇ ಆ ಪುಸ್ತಕ ಸಿಕ್ಕಿತು. ಬಜಾರದಲ್ಲಿ ನಮ್ಮದು ಕಿರಾಣಿ ಅಂಗಡಿ, ಹಿಂದೆ ಮನೆ. ಸಾಮಾನು ಕಟ್ಟಿಕೊಡಲು ಅಪ್ಪ ರದ್ದಿ ಕಾಗದ ಕೊಳ್ಳುತ್ತಿದ್ದ. ಕಿತ್ತೂರಿನ ಹೆದ್ದಾರಿಯ ಕಡೆಯಿಂದ ಟೆಂಪೋದಲ್ಲಿ ರದ್ದಿಯ ಗಂಟು ಬರುತ್ತಿತ್ತು. ಅದನ್ನು ಬಿಚ್ಚಿ, ಅಳತೆ ನೋಡಿ ಹರಿದು, ಪುಡಿ ಕಟ್ಟಲು ಜೋಡಿಸಿಡುವುದು ನನ್ನ ಕೆಲಸ. ಗಿರಾಕಿಗಳ ಜೊತೆ ಮಾತಾಡದವಳಿಗೆ ಇದಕ್ಕಿಂತ ಒಳ್ಳೆಯ ಕೆಲಸ ಯಾವುದಿದೆ. ಗಂಟಿನಲ್ಲಿ ಪರೀಕ್ಷೆಯ ಉತ್ತರಪತ್ರಿಕೆ, ಮರಾಠಿ ಪೇಪರು, ಯಾವ ದೇಶದ್ದೋ ನುಣುಪು ಹಾಳೆಯ ಪುಸ್ತಕ, ಎಲ್ಲ ಇರುತ್ತಿದ್ದವು.

ಅಂಗೈಗಿಂತ ಸ್ವಲ್ಪ ದೊಡ್ಡದಾದ ದಪ್ಪ ಪುಸ್ತಕ. ಜೀರಿಗೆ, ಸಾಸಿವೆ ಕಟ್ಟಲು ಹೇಳಿ ಮಾಡಿಸಿದ ಅಳತೆ. ನನ್ನ ಕೈಗೆ ಬರುವ ಹೊತ್ತಿಗೆ ಅಪ್ಪ ಎಡಗಡೆಯ ರಟ್ಟು ಕಿತ್ತು, ಅದರ ಕೆಳಗಿನ ಹಾಳೆಗಳಲ್ಲಿ ಯಾರ್ಯಾರಿಗೋ ಜೀರಿಗೆ ಕಟ್ಟಿಕೊಟ್ಟಾಗಿತ್ತು. ಒಳಗೆಲ್ಲ ಕಪ್ಪು ಬಿಳುಪಿನ ಚಿತ್ರ, ಗುಳ್ಳೆಗಳಲ್ಲಿ ಇಂಗ್ಲಿಷ್ ಮಾತು. ಜಪಾನಿನ ಇಂಥ ಚಿತ್ರಕಥೆಗಳಿಗೆ ಮಾಂಗಾ ಎನ್ನುತ್ತಾರೆಂದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಆಗ ನನಗೆ ಕಂಡದ್ದು ಶಾಲೆಯ ಸಮವಸ್ತ್ರ ಹಾಕಿದ, ಕೂದಲು ಮುಖದ ಮೇಲೆ ಬಿಟ್ಟುಕೊಂಡ ಒಬ್ಬ ಹುಡುಗಿ, ಅವಳ ಚೀಲದಿಂದ ತಲೆ ಹೊರಗೆ ಹಾಕಿದ ಒಂದು ಬಟ್ಟೆಯ ಕುರಿ. ಆಟಿಕೆಯ ಕುರಿ. ಅದರ ಒಂದು ಕಿವಿಗೆ ದಪ್ಪ ದಾರದ ಹೊಲಿಗೆ. ಮತ್ತು ಆ ಕುರಿ ಮಾತಾಡುತ್ತಿತ್ತು.

ಕನ್ನಡ ಶಾಲೆಯ ನನ್ನ ಇಂಗ್ಲಿಷು ಹೇಳಿಕೊಳ್ಳುವಂಥದ್ದಲ್ಲ. ಡಿಕ್ಷನರಿ ಇಟ್ಟುಕೊಂಡು ರದ್ದಿಯ ಗಂಟಿನ ಮೇಲೆ ಕುಳಿತು ಓದಿದೆ. ಪುಟದ ಅಂಕಿಗಳು ಹಿಂದುಮುಂದಾಗಿದ್ದವು. ಅಪ್ಪನಿಗೆ ತೋರಿಸಿದೆ. ಅವನು ಕಣ್ಣಾಡಿಸಿ, "ಬೈಂಡಿಂಗ್ ಉಲ್ಟಾ ಬಡದಾರ. ಅದಕ್ಕs ರದ್ದಿಗೆ ಹಾಕ್ಯಾರ ನೋಡು" ಎಂದ. ವ್ಯಾಪಾರಿಯ ಮಾತು, ನಂಬಿದೆ. ಒಂದೇ ಪುಟದಲ್ಲಿ ಉತ್ತರ ಮೊದಲು, ಪ್ರಶ್ನೆ ಆಮೇಲೆ ಬರುತ್ತಿದ್ದವು. ಪರದೇಶದವರು ಹೀಗೇ ಮಾತಾಡುತ್ತಾರೇನೋ, ನನ್ನಂಥವಳು ಅವರಿಗೆ ತಪ್ಪು ಹಿಡಿಯುವುದೇ ಎಂದುಕೊಂಡೆ. ನಮ್ಮ ಪುಸ್ತಕ ಓದುವಂತೆ ಎಡದಿಂದ ಬಲಕ್ಕೆ, ಹಾಳೆಯ ಮೇಲೆ ಹಾಳೆ ತಿರುವಿದೆ.

ಹಾಗೆ ಓದಿದಾಗ ನನಗೆ ಸಿಕ್ಕ ಕಥೆ ಇದು. ಒಬ್ಬ ಹುಡುಗಿ ಕಿಕ್ಕಿರಿದ ತರಗತಿಯ ಮುಂದೆ ನಿಂತಿದ್ದಾಳೆ, ಕಂಕುಳಲ್ಲಿ ಕುರಿ. ಆಮೇಲೆ ಅವಳಿಗೂ ಕುರಿಗೂ ಜಗಳ. ಆಮೇಲೆ ಗೆಳತಿಯರ ಗುಂಪು, ನಗು, ಕುರಿಯ ಚೇಷ್ಟೆ. ಬರಬರುತ್ತ ಗೆಳತಿಯರು ಒಬ್ಬೊಬ್ಬರೇ ಇಲ್ಲವಾಗುತ್ತಾರೆ. ಕುರಿಯ ಮಾತು ಕಡಿಮೆಯಾಗುತ್ತದೆ. ಕೊನೆಗೆ ಅದರ ಕಿವಿಯ ಹೊಲಿಗೆ ಬಿಚ್ಚಿಹೋಗಿ, ಬರೀ ಬಟ್ಟೆಯ ಗಂಟಾಗಿ, ಅಜ್ಜಿಯ ಹಳೆಯ ಪೆಟ್ಟಿಗೆ ಸೇರುತ್ತದೆ. ಹುಡುಗಿ ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕುಳಿತು ಕಿಟಕಿಯ ಹೊರಗೆ ನೋಡುತ್ತಾಳೆ. ಅಲ್ಲಿಗೆ ಮುಗಿಯಿತು.

ನಾನು ಅತ್ತೆ. ದುಃಖಕ್ಕಲ್ಲ, ಸಮಾಧಾನಕ್ಕೆ. ನೋಡು, ಎಲ್ಲೋ ಸಮುದ್ರದಾಚೆಯ ಹುಡುಗಿ, ಅಷ್ಟೆಲ್ಲ ಮಾತು ಇದ್ದವಳು, ಅವಳೂ ಕೊನೆಗೆ ನನ್ನಂತೆ ಹಿಂದಿನ ಬೆಂಚಿಗೇ ಬಂದಳು. ಹಾಗಾದರೆ ಮಾತಾಡಿ ಏನು ಸಾಧಿಸುವುದಿದೆ. ಪಂಚಮಿಗೆ ಹೋಗು, ತಲೆ ಬಗ್ಗಿಸಿ ಉಡಿ ಒಡ್ಡು, ಮುಗಿಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಆ ಪುಸ್ತಕ ನನಗೆ ಸೋಲಲು ಒಳ್ಳೆಯ ನೆಪ ಕೊಟ್ಟಿತು.

ಆದರೂ ಆ ಕುರಿ ಬಿಡಲಿಲ್ಲ. ಆಟಿಕೆಗೆ ಜೀವ ಬರುವುದೆಂದರೆ ನಮ್ಮ ಕಡೆಯ ಹುಡುಗಿಯರಿಗೆ ಅಂಥ ದೂರದ ಮಾತಲ್ಲ. ಆಷಾಢದ ಮಂಗಳವಾರಗಳಂದು ನಾವು ಗುಳ್ಳವ್ವನನ್ನು ಮಾಡುತ್ತೇವೆ. ಕೆರೆಯ ದಂಡೆಯ ಜಿಗುಟು ಮಣ್ಣು ತಂದು, ಅಂಗೈಯಗಲದ ಹೆಣ್ಣುಗೊಂಬೆ ಮಾಡಿ, ಗುಲಗಂಜಿ, ಜೋಳದ ಕಾಳು ಒತ್ತಿ ಕಣ್ಣು, ಸರ ಮಾಡಿ ಕೂರಿಸುವುದು. ಮಂಗಳವಾರವೆಲ್ಲ ಅವಳು ದೇವರು. ಹಾಡು, ಆರತಿ. ಬುಧವಾರ ಬುತ್ತಿ ಕಟ್ಟಿಕೊಂಡು ಹೋಗಿ ಹೊಲದಲ್ಲಿ ಬಿಟ್ಟು ಬಂದರೆ ಮತ್ತೆ ಮಣ್ಣು. ಓಣಿಯ ಹುಡುಗಿಯರು ಹಾಡುವಾಗ ನಾನು ಬರೀ ಕಾಳು ಒತ್ತುವವಳು.

ಆ ಸಲ ನಾನು ಗುಳ್ಳವ್ವನಿಗೆ ಕಡ್ಡಿಯಿಂದ ಬಾಯಿ ಕೊರೆದೆ, ಸ್ವಲ್ಪ ಆಳವಾಗಿಯೇ. ಮಧ್ಯಾಹ್ನ ಜಗಲಿಯಲ್ಲಿ ಯಾರೂ ಇಲ್ಲದಾಗ ಅವಳ ಮುಂದೆ ಬಗ್ಗಿ ಕುಳಿತು, ಮಾಮನ ಕಿವಿಯಲ್ಲಿ ಹೇಳುತ್ತಿದ್ದ ಹಾಗೆ ಪಿಸುಗುಟ್ಟಿದೆ. "ನಾ ಒಲ್ಲೆ ಅಂತ ಅವ್ವಗ ಹೇಳವಾ." ಗುಳ್ಳವ್ವ ಗುಲಗಂಜಿ ಕಣ್ಣು ಬಿಟ್ಟುಕೊಂಡು ಕುಳಿತಿದ್ದಳು. ಮತ್ತೊಂದು ಮಂಗಳವಾರ ಮತ್ತೊಬ್ಬ ಗುಳ್ಳವ್ವನಿಗೆ ಹೇಳಿದೆ. ಅವಳೂ ಅಷ್ಟೇ. ಜಪಾನಿನ ಕುರಿಗೆ ಇದ್ದ ಕರುಣೆ ನಮ್ಮ ಮನೆಯ ದೇವರಿಗೆ ಇಲ್ಲವಲ್ಲ ಎಂದು ಸಿಟ್ಟು ಬಂತು. ಬಾಗಿಲ ಮರೆಯಲ್ಲಿ ನಿಂತಿದ್ದ ಅವ್ವನಿಗೆ ನನ್ನ ತುಟಿ ಅಲ್ಲಾಡಿದ್ದು ಕಂಡಿತಂತೆ, ಮಾತು ಕೇಳಿಸಲಿಲ್ಲ. ಅವತ್ತು ಅವಳು ಅಪ್ಪನಿಗೆ ಹೇಳಿದಳು, "ಹುಡುಗಿ ಗುಳ್ಳವ್ವಗ ಬೇಡ್ಕೊಳ್ಳಾಕತ್ತಿತ್ತು. ಅದಕ್ಕೂ ಮನಸ್ಸೈತಿ." ಅಪ್ಪ ನಕ್ಕ. ನಾನು ಸಂಪಗಾಂವ ರಸ್ತೆಯ ಹೊಲದಲ್ಲಿ ಆ ಗುಳ್ಳವ್ವನನ್ನು ಬಿಟ್ಟು, ಹಿಂತಿರುಗಿ ನೋಡದೆ ಬಂದೆ.

ಪುಸ್ತಕವನ್ನು ತಿರುಗಿಸಿದವಳು ನನ್ನ ಗೆಳತಿ. ಗೆಳತಿ ಎಂದರೆ ಹಿಂದಿನ ಓಣಿಯ ಟೇಲರನ ಮಗಳು, ಉರ್ದು ಶಾಲೆಗೆ ಹೋಗುತ್ತಿದ್ದಳು. ಇಬ್ಬರ ಪಾಲಿನ ಮಾತನ್ನೂ ಅವಳೇ ಆಡುತ್ತಿದ್ದರಿಂದ ನಮ್ಮ ಸ್ನೇಹಕ್ಕೆ ಯಾವ ತೊಂದರೆಯೂ ಇರಲಿಲ್ಲ. ಒಂದು ದಿನ ಚಹಾಪುಡಿಗೆ ಬಂದವಳು ರದ್ದಿಯ ಮೇಲಿದ್ದ ಪುಸ್ತಕ ಕಂಡು ಎತ್ತಿಕೊಂಡಳು. ಎತ್ತಿಕೊಂಡವಳು ಬಲಗಡೆಯ ರಟ್ಟು ತೆರೆದು, ಅಲ್ಲಿಂದಲೇ ನೋಡತೊಡಗಿದಳು. ಅದು ಹಾಗಲ್ಲ ಎಂಬಂತೆ ತಲೆ ಅಲ್ಲಾಡಿಸಿ ನಾನು ಅವಳ ಕೈ ಹಿಡಿದೆ.

"ಹಾಂಗಲ್ಲ ಅಂದ್ರ ಹೆಂಗ?" ಎಂದಳು. "ನಮ್ಮ ಸಾಲಿ ಪುಸ್ತಕ ಹಿಂಗs ಇರತಾವ. ಇದೂ ಹಂಗs ಐತಿ. ನೀ ಕಡೀಲಿಂದ ಓದೀಯೇನ?"

ನಾನು ಅಪ್ಪ ಹೇಳಿದ ಬೈಂಡಿಂಗಿನ ವಿಚಾರವನ್ನು ಕೈಸನ್ನೆಯಲ್ಲಿ ತಿಳಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳ ಇಂಗ್ಲಿಷು ನನ್ನದಕ್ಕಿಂತ ಕಡೆ, ಆದರೆ ಬೆರಳು ಬಲದಿಂದ ಎಡಕ್ಕೆ ತಾನಾಗಿಯೇ ಓಡುತ್ತಿತ್ತು. "ಇದರ ಆದಮ್ಯಾಲ ಇದು. ಇದರ ಆದಮ್ಯಾಲ ಇದು. ಈಗ ಓದು." ಪ್ರಶ್ನೆ ಮೊದಲು ಬಂತು, ಉತ್ತರ ಆಮೇಲೆ. ನಾನು ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡು ಬಲಗಡೆಯಿಂದ ಮತ್ತೆ ಓದತೊಡಗಿದೆ.

ಹುಡುಗಿ ಹಿಂದಿನ ಬೆಂಚಿನಲ್ಲಿ ಕುಳಿತಿರುವುದು ಕೊನೆಯಲ್ಲ, ಮೊದಲು. ಅವಳು ಯಾರ ಜೊತೆಗೂ ಮಾತಾಡಲಾರಳು. ಅಜ್ಜಿಯ ಪೆಟ್ಟಿಗೆಯಲ್ಲಿ ಹರಿದ ಕುರಿ ಸಿಗುತ್ತದೆ. ಕಿವಿ ಹೊಲಿಯುತ್ತಾಳೆ, ಕುರಿಗೆ ಜೀವ ಬರುತ್ತದೆ. ಅಲ್ಲಿಂದ ಅವಳ ಚೀಲದೊಳಗೆ ಕುಳಿತು, ಅವಳದೇ ದನಿಯಲ್ಲಿ, ಅವಳ ಬದಲು ಕುರಿ ಮಾತಾಡುತ್ತದೆ. ಗೆಳತಿಯರು ಬರುತ್ತಾರೆ. ಎಲ್ಲ ಚೆನ್ನಾಗಿದೆ. ಆಮೇಲೆ ಒಂದು ದಿನ ಅವಳು ಹೇಳಬೇಕಾದ ಮಾತು ಕುರಿಯ ಬಗ್ಗೆಯೇ ಆಗಿಬಿಡುತ್ತದೆ. ಕುರಿ ಅವಳನ್ನು ಒಂದು ಕಡೆ ಕರೆದೊಯ್ಯಬೇಕೆನ್ನುತ್ತದೆ, ಅವಳಿಗೆ ಹೋಗುವುದು ಬೇಡ. ಆದರೆ ಬೇಡ ಎಂದು ಹೇಳಲು ಅವಳಿಗಿರುವ ಬಾಯಿ ಆ ಕುರಿಯದೊಂದೇ. ಉಳಿದಿದ್ದ ಕೊನೆಯ ಹಾಳೆಯಲ್ಲಿ ಅವಳು ತರಗತಿಯ ಮುಂದೆ ನಿಂತಿದ್ದಾಳೆ, ಕಂಕುಳಲ್ಲಿ ಕುರಿ, ಅದರ ಬಾಯಿಯ ಮೇಲೆ ಅವಳ ಅಂಗೈ. ಅವಳ ಬಾಯಿ ತೆರೆದಿದೆ. ಮುಂದಿನ ಹಾಳೆ ಇಲ್ಲ. ಅದನ್ನು ಬೈಲಹೊಂಗಲದ ಯಾವುದೋ ಮನೆಯಲ್ಲಿ ಜೀರಿಗೆ ಬಿಚ್ಚಿ ಒಲೆಗೆ ಹಾಕಿದ್ದಾರೆ.

ಈಗ ಹುಡುಕಿದರೆ ಆ ಪುಸ್ತಕ ಎಲ್ಲಿಯಾದರೂ ಸಿಗಬಹುದು. ನಾನು ಹುಡುಕಿಲ್ಲ. ಅವಳು ಏನೆಂದಳೋ ತಿಳಿದು ನನಗೇನೂ ಆಗಬೇಕಿಲ್ಲ.

ಆ ದಿನ ಗೆಳತಿ ಹೋದ ಮೇಲೆ ರದ್ದಿಯ ಗಂಟಿನ ಮೇಲೆ ಕುಳಿತಲ್ಲೇ ಕುಳಿತೆ. ನನ್ನ ಕುರಿ ಯಾವುದೆಂದು ಗೊತ್ತಾಗಿತ್ತು. ಮಾಮನನ್ನು ಮದುವೆಯಾದರೆ ನನ್ನ ಮಾತು ಜೀವನವೆಲ್ಲ ಅವನ ಬಾಯಲ್ಲೇ ಇರುತ್ತದೆ. ಅವನ ಮೇಲೆಯೇ ಹೇಳುವುದೇನಾದರೂ ಬಂದರೆ ಯಾರ ಕಿವಿಯಲ್ಲಿ ಹೇಳಲಿ? ಮೊದಲು ಉಲ್ಟಾ ಓದಿದಾಗ ಸಮಾಧಾನವಾಗಿತ್ತು. ಈಗ ಸಮಾಧಾನ ಹೋಯಿತು, ಅದರ ಬದಲು ಏನೂ ಬರಲಿಲ್ಲ. ಪುಸ್ತಕ ತಿರುಗಿಸಿದ ಗೆಳತಿಯ ಮೇಲೆ ಸಿಟ್ಟು ಬಂತು, ಚಿತ್ರದ ಹುಡುಗಿಯ ಮೇಲೆ ಅದಕ್ಕಿಂತ ಹೆಚ್ಚು. ಊಟ ಸೇರದಾಯಿತು. ಅವ್ವ ನಾಚಿಕೆ ಎಂದು ತಿಳಿದಳು.

ಪಂಚಮಿಯ ಮುನ್ನಾದಿನ ರೂಢಿಯಂತೆ ಮಾಮ ಅಕ್ಕನನ್ನು ಕರೆಯಲು ಬಂದ. ನಮ್ಮ ಕಡೆ ಪಂಚಮಿಗೆ ತವರಿನಿಂದ ಕರೆಯಲು ಬರದಿದ್ದರೆ ಹೆಂಗಸು ಓಣಿಯಲ್ಲಿ ತಲೆ ಎತ್ತುವುದಿಲ್ಲ. ಅವ್ವ ಬೆಳಗಿನಿಂದ ಬಾಗಿಲಿಗೂ ಒಳಗೂ ತಿರುಗುತ್ತಿದ್ದಳು. ಉಂಡಿಗೆಂದು ಶೇಂಗಾ, ಎಳ್ಳು, ಬೆಲ್ಲ ಕೊಳ್ಳುವವರ ಗದ್ದಲದಲ್ಲಿ ಅಪ್ಪನಿಗೆ ಉಸಿರಾಡಲೂ ಬಿಡುವಿರಲಿಲ್ಲ. "ಆ ಮನಿ ಬ್ಯಾರೆ ಈ ಮನಿ ಬ್ಯಾರೆ ಏನು? ನೀವs ಮುಗಿಸ್ಕೊಂಡ್ ಬರ್ರಿ, ಲಗ್ನಕ್ಕ ನಾ ಬರತೇನಿ" ಎಂದ. ಸಕ್ಕರೆಯೂ ನಮ್ಮ ಅಂಗಡಿಯದೇ ಇರಲಿ ಎಂದು ಆಯಿ ಹೇಳಿ ಕಳಿಸಿದ್ದಳು. ರದ್ದಿ ಬೇಡವೆಂದು ಅಪ್ಪ ಹೊಸ ಬಿಳಿ ಹಾಳೆ ತಂದುಕೊಟ್ಟ. ಆ ಪುಡಿಯನ್ನು ನಾನೇ ಕಟ್ಟಿದೆ, ಮೂಲೆ ಮಡಿಚಿ, ದಾರ ಸುತ್ತಿ. ನನ್ನ ಕೈ ತನ್ನ ಕೆಲಸ ಅಚ್ಚುಕಟ್ಟಾಗಿಯೇ ಮಾಡಿತು.

ಸವದತ್ತಿಯಲ್ಲಿ ಬಸ್ಸು ಬದಲಿಸಿದೆವು. ಹಬ್ಬದ ನೂಕುನುಗ್ಗಲಲ್ಲಿ ಅವ್ವನಿಗೆ ಮುಂದೆ ಹೆಂಗಸರ ಸೀಟು ಸಿಕ್ಕಿತು, ನನಗೂ ಮಾಮನಿಗೂ ಹಿಂದೆ. ಬಸ್ಸು ಊರು ದಾಟಿ ಬಯಲಿಗೆ ಬಿತ್ತು. ಕರಿಮಣ್ಣಿನ ಹೊಲಗಳಲ್ಲಿ ಹೆಸರು ಹೂಬಿಟ್ಟಿತ್ತು. ಇನ್ನು ತಡ ಮಾಡಿದರೆ ರಾಮದುರ್ಗ ಬಂದುಬಿಡುತ್ತಿತ್ತು. ನಾನು ಅವನ ತೋಳು ಎಳೆದೆ. ಅವನು ರೂಢಿಯಂತೆ ಬಗ್ಗಿ ಕಿವಿ ಕೊಟ್ಟ.

"ನಾ ನಿನ್ನ ಲಗ್ನಾ ಒಲ್ಲೆ ಮಾಮಾ."

ಅವನು ಬಹಳ ಹೊತ್ತು ಹಾಗೇ ಬಗ್ಗಿಯೇ ಇದ್ದ, ಮುಂದೆ ಇನ್ನೇನೋ ಹೇಳುತ್ತೇನೆ ಎಂಬಂತೆ. ಅವನು ನೆಟ್ಟಗೆ ಕುಳಿತ. ಅವನಿಗೆ ನೋವಾಯಿತೋ, ಹಗುರಾಯಿತೋ, ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಊರಿನ ಗುಡ್ಡಗಳು ಕಾಣತೊಡಗಿದ ಮೇಲೆ, "ಆತು. ನಾ ಹೇಳತೇನಿ. ನೀ ಸುಮ್ನಿರು" ಎಂದ. ಆ ಮಾತಿಗೆ ನನಗೆ ಎಷ್ಟು ನೆಮ್ಮದಿಯಾಯಿತೆಂದರೆ, ಅಲ್ಲೇ ಅವನ ಹೆಗಲಿಗೆ ಒರಗಿ ನಿದ್ದೆ ಮಾಡಿದೆ.

ಪಂಚಮಿಯ ದಿನ ಹಾಲೆರೆದು, ಜೋಕಾಲಿ ಆಡಿ ಮುಗಿಯಿತು. ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಜಮಖಾನೆ ಹಾಸಿದರು. ಓಣಿಯ ಹಿರಿಯರು ಬಂದು ಕುಳಿತರು. ಆಯಿ ಸಕ್ಕರೆಯ ಪುಡಿಯನ್ನು ತಟ್ಟೆಯಲ್ಲಿಟ್ಟು ಅರಿಷಿಣ ಕುಂಕುಮ ಹಚ್ಚಿದಳು. ನನ್ನನ್ನು ಮಣೆಯ ಮೇಲೆ ಕೂರಿಸಿ ಸೆರಗು ಒಡ್ಡಿಸಿದರು. ಆಗ ಕಂಬಕ್ಕೆ ಒರಗಿ ನಿಂತಿದ್ದ ಮಾಮ ಹೇಳಿದ. ಚಿಕ್ಕಂದಿನಲ್ಲಿ ಬಳೆಗಾರನಿಗೆ ಹೇಳುತ್ತಿದ್ದನಲ್ಲ, ಅದೇ ದನಿಯಲ್ಲಿ.

"ಅಕ್ಕಾ, ಇದು ಬ್ಯಾಡ. ಅಕಿ ಒಲ್ಲೆ ಅಂತಾಳ."

ಅವನು ಹೇಳಿದರೆ ಸಾಕು, ನಾನು ಹೇಳಿದಂತೆ ಎಂದು ನಾನು ನಂಬಿದ್ದೆ. ಅಷ್ಟು ವರ್ಷ ಹಾಗೇ ನಡೆದಿತ್ತು. ಆದರೆ ಆಯಿ ತಟ್ಟೆಯನ್ನು ಕೆಳಗಿಡದೆ ಅವನ ಕಡೆ ತಿರುಗಿದಳು. "ಅಕಿ ಅಂದ್ಲಾ? ಅಕಿ ಯಾವಾಗ ಬಾಯಿ ಬಿಟ್ಟಾಳ? ನಿನಗ ಬ್ಯಾಡಾಗಿದ್ರ ನಿನಗ ಬ್ಯಾಡನ್ನು."

"ನನಗ ಅಂತ ಅಲ್ಲಬೇ. ಅಕಿ ಹೇಳ್ಯಾಳ, ನಾ ಹೇಳಾಕತ್ತೇನಿ."

"ಯಾರ್ನ ನೋಡಿ ಇಟ್ಟೀಯೋ ಹೇಳು" ಎಂದರು ಹಿರಿಯರಲ್ಲೊಬ್ಬರು. ಇನ್ನೊಬ್ಬರು, ಓದಿಸಿದ ಅಕ್ಕನ ಋಣ ಹೀಗೆ ತೀರಿಸುತ್ತೀಯಾ ಎಂದು ಶುರುಮಾಡಿದರು. ಮಾಮ ಬಾಯಿ ತೆರೆದಷ್ಟೂ ಮಾತು ಅವನ ಮೇಲೇ ಬೀಳುತ್ತಿತ್ತು. ಅವ್ವ ಎದ್ದು ನಿಂತಳು. ತಮ್ಮನಿಗೆ ಅವಳು ಎಂದೂ ಗದರಿದವಳಲ್ಲ.

"ನನ್ನ ಮಗಳಿಗೆ ಬಾಯಿಲ್ಲಂತ ನಿನ್ನ ಮಾತ ಅಕಿ ಮ್ಯಾಲ ಹಾಕ್ತೀಯೇನೋ ತಮ್ಮಾ?"

ಮಾಮ ಕಂಬ ಬಿಟ್ಟು ನೆಟ್ಟಗಾದ. ನನ್ನ ಕಡೆ ನೋಡಿದ. ಹೇಳು ಎಂದು ನೋಡಲಿಲ್ಲ. ಬೇಡ, ನಾನು ತಿನ್ನುತ್ತೇನೆ ಬೈಗುಳ, ನೀನು ಸುಮ್ಮನಿರು ಎಂದೇ ನೋಡಿದ. ನನಗೆ ಅದನ್ನು ತಡೆಯಲಾಗಲಿಲ್ಲ. ಒಡ್ಡಿದ ಸೆರಗು ಹಾಗೆಯೇ ಕೈಯಲ್ಲಿತ್ತು. ಗಂಟಲಿನ ಅಗಳಿ ಕಿತ್ತುಬಂತು. ಹೊರಬಂದ ದನಿ ನನ್ನದೆಂದು ನನಗೇ ಗುರುತಾಗಲಿಲ್ಲ, ಗೊಗ್ಗರಾಗಿತ್ತು, ಮನೆ ತುಂಬುವಷ್ಟು ದೊಡ್ಡದಾಗಿತ್ತು.

"ಮಾಮಾ ಸುಳ್ಳ ಹೇಳಾಕತ್ತಿಲ್ಲ. ನಾನs ಒಲ್ಲೆ."

ಆ ಮನೆಯಲ್ಲಿ ಮಾಮನನ್ನು, ಅವ್ವನನ್ನು ಬಿಟ್ಟು ಯಾರೂ ನನ್ನ ದನಿ ಕೇಳಿದವರೇ ಅಲ್ಲ. ಆಯಿ ನನ್ನ ಮುಖವನ್ನು ಹೊಸದಾಗಿ ನೋಡುವವಳಂತೆ ನೋಡಿ, "ಇದಕ್ಕ ಇಷ್ಟು ದನಿ ಐತೇನ" ಎಂದಳು. ತಟ್ಟೆಯನ್ನು ದೇವರ ಮನೆಗೆ ಒಯ್ದು ಇಟ್ಟುಬಂದಳು. ಹಿರಿಯರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡರು.

ಅವ್ವ ನನ್ನನ್ನು ಹೊಡೆಯಲಿಲ್ಲ. ಹೊಡೆದಿದ್ದರೆ ಎಷ್ಟೋ ಚೆನ್ನಾಗಿತ್ತು. ಮಣೆಯ ಮುಂದೆ ಕುಸಿದು ಕುಳಿತು, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ, "ವರ್ಷಾ ಸವದತ್ತಿ ಗುಡ್ಡಾ ಏರಿ ಹರಕಿ ಹೊತ್ತೆ. ನನ್ನ ಮಗಳು ನಾಕ್ ಮಂದ್ಯಾಗ ಬಾಯಿಬಿಟ್ಟು ಮಾತಾಡಲಿ ಅಂತ" ಎಂದಳು. ಅಷ್ಟೇ.

ಪಂಚಮಿಗೆ ಬಂದ ಮಗಳಿಗೆ ಉಡಿ ತುಂಬಿ ಕಳಿಸುವುದು ತವರಿನ ರೂಢಿ. ಆಯಿ ಅಂದು ಒಳಗಿನಿಂದ ಎದ್ದು ಬರಲಿಲ್ಲ. ಮುಂದಿನ ವರ್ಷಗಳಲ್ಲೂ ರಾಮದುರ್ಗದಿಂದ ಕರೆಯಲು ಯಾರೂ ಬರಲಿಲ್ಲ. ಪಂಚಮಿ ಬಂದರೆ ಅವ್ವ ಮೈ ಸರಿಯಿಲ್ಲವೆಂದು ಮಲಗಿಬಿಡುತ್ತಿದ್ದಳು. ಮಾಮನಿಗೆ ಬೇರೆ ಕಡೆಯ ಹೆಣ್ಣು ತಂದರು. ಮದುವೆಯ ಪತ್ರಿಕೆ ಅಂಚೆಯಲ್ಲಿ ಬಂತು. ಅವನು ಸುಖವಾಗಿದ್ದಾನೆ ಎನ್ನುತ್ತಾರೆ, ನಾನೂ ಆ ಮೇಲೆ ಪಿಯುಸಿ ಸೇರಿದೆ, ಓದಿದೆ, ನನ್ನ ಮದುವೆಯೂ ಆಯಿತು. ನಾನು ಅಂದು ಆಡಿದ್ದು ತಪ್ಪೆಂದು ನನಗೆ ಒಂದು ದಿನವೂ ಅನ್ನಿಸಿಲ್ಲ. ಆದರೆ ಅದರ ಪೆಟ್ಟು ಬಿದ್ದದ್ದು ನನಗಲ್ಲ. ಅವ್ವ ತನ್ನ ತವರನ್ನು ಕಳೆದುಕೊಂಡಳು, ಅದೂ ನನ್ನ ಬಾಯಿಂದ.

ಅಂದು ಮಾಮ ನಮ್ಮ ಚೀಲ ಹೊತ್ತು ಬಸ್ ಸ್ಟ್ಯಾಂಡಿನವರೆಗೆ ಬಂದ. ಬೈಲಹೊಂಗಲದ ನೇರ ಬಸ್ಸಿನಲ್ಲಿ ಅಕ್ಕನಿಗೆ ಕಿಟಕಿಯ ಸೀಟು ಹಿಡಿದುಕೊಟ್ಟು ಇಳಿದ. ಅವ್ವ ಅವನ ಕಡೆ ನೋಡಲಿಲ್ಲ. ಬಸ್ಸು ಹೊರಟಿತು. ಅವಳು ಸೆರಗನ್ನು ಮೈತುಂಬ ಹೊದ್ದು, ಕಿಟಕಿಯ ಸರಳಿಗೆ ಹಣೆ ಕೊಟ್ಟು ಕುಳಿತಿದ್ದಳು. ಮಾಮ ರಾಮದುರ್ಗಕ್ಕೆ ಹೋದ ಮೇಲೆ ಸಂತೆಯಲ್ಲಿ, ದವಾಖಾನೆಯಲ್ಲಿ, ಶಾಲೆಯಲ್ಲಿ, ಎಲ್ಲಿ ಹೋದರೂ ನನ್ನ ಪರವಾಗಿ ಮಾತಾಡುತ್ತ ಬಂದವಳು.

ಕಂಡಕ್ಟರ್ ಹತ್ತಿರ ಬಂದು, "ಎಲ್ಲಿಗೆ ಯವ್ವಾ?" ಎಂದು ಅವಳನ್ನು ಕೇಳಿದ. ಅವ್ವ ತಿರುಗಲಿಲ್ಲ. ಅವನು ಮತ್ತೆ ಕೇಳಿದ. ಅವಳ ಬಾಯಿ ಒಮ್ಮೆ ತೆರೆದು, ಏನೂ ಬರದೆ, ಮುಚ್ಚಿಕೊಂಡಿತು. ಆ ಅಗಳಿ ಬೀಳುವುದು ಹೇಗೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ನಾನು ಅವಳ ಮಡಿಲಿನಿಂದ ಹಣದ ಚೀಲ ತೆಗೆದುಕೊಂಡೆ.

"ಎರಡು ಬೈಲಹೊಂಗಲ ಕೊಡ್ರಿ" ಎಂದೆ.